ಹಳೇ ವ್ಯಾನ್ ಕೊಳ್ಳುವ ಮುಂಚೆ ಮ್ಯಾಟ್ ಎತ್ತಿ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಕಾಮಾಕ್ಷಿಪಾಳ್ಯದಲ್ಲಿ ಪ್ಲಂಬಿಂಗ್ ಕೆಲಸ ಮಾಡುವವನು. ಈ ಕೆಲಸಕ್ಕೆ ಇಳಿದು 22 ವರ್ಷ ಆಯಿತು. ಹೋದ ತಿಂಗಳು ನನ್ನ ಹತ್ತಿರ ಕೆಲಸ ಕಲಿತ ಹುಡುಗ ಮನೆಗೆ ಬಂದಿದ್ದ. ಮಾಗಡಿ ಕಡೆಯವನು, ಏಳು ವರ್ಷ ನನ್ನ ಜೊತೆಗಿದ್ದು ಈಗ ಸ್ವಂತಕ್ಕೆ ಕೆಲಸ ಹಿಡಿಯುತ್ತಿದ್ದಾನೆ. ಚೀಟಿ ಎತ್ತಿದ ದುಡ್ಡು 1 ಲಕ್ಷ 80 ಸಾವಿರ ಕೈಯಲ್ಲಿತ್ತು. "ಅಣ್ಣಾ, ಒಂದು ಓಮ್ನಿ ನೋಡಿದ್ದೀನಿ, ನಾಳೆ ಅಡ್ವಾನ್ಸ್ ಕೊಡ್ತೀನಿ, ನೀವೊಂದ್ಸಲ ಫೋಟೋ ನೋಡಿ" ಅಂತ ಫೋನ್ ತೋರಿಸಿದ. ಬಿಳಿ ಗಾಡಿ, ಪಾಲಿಶ್ ಹೊಡೆದು ಕನ್ನಡಿ ತರ ಹೊಳೆಯುತ್ತಿತ್ತು, ಮುಂದೆ ಹೊಸ ನಿಂಬೆಹಣ್ಣು ಮೆಣಸಿನಕಾಯಿ ಬೇರೆ ಕಟ್ಟಿದ್ದರು. "ಸ್ಟಾರ್ಟ್ ಮಾಡಿ ನೋಡಿದೆಯಾ?" ಅಂದೆ. "ಒಂದೇ ಸೆಲ್ಫ್ ಸ್ಟಾರ್ಟಿಗೆ ಬಂತು ಅಣ್ಣಾ." "ಒಳಗೆ ಮ್ಯಾಟ್ ಎತ್ತಿದೆಯಾ? ಕೆಳಗೆ ಬಗ್ಗಿ ನೋಡಿದೆಯಾ? ಬಿ ಎಕ್ಸ್‌ಟ್ರಾಕ್ಟ್, ಅಂದರೆ ಆರ್‌ಟಿಒ ದಾಖಲೆಯ ನಕಲು, ತೆಗೆಸಿದೆಯಾ?" ಅಂತ ಕೇಳಿದೆ. ಹುಡುಗ ಸುಮ್ಮನಾದ.

ಅವನಂಥವರು ಈ ಊರಲ್ಲಿ ಸಾವಿರಾರು ಜನ ಇದ್ದಾರೆ ಸಾರ್. ಎಲೆಕ್ಟ್ರಿಷಿಯನ್, ಕಾರ್ಪೆಂಟರ್, ಎಸಿ ಮೆಕ್ಯಾನಿಕ್, ಪೇಂಟರ್, ಟೈಲ್ಸ್ ಕೆಲಸದವರು. ಮೊದಲು ಸೈಕಲ್, ಆಮೇಲೆ ಸ್ಕೂಟರ್, ಸ್ಕೂಟರ್ ಫುಟ್‌ಬೋರ್ಡ್ ಮೇಲೆ ಟೂಲ್ ಬ್ಯಾಗ್, ಹಿಂದೆ ಏಣಿ ಹಿಡಿದು ಕೂತ ಹೆಲ್ಪರ್. ಹತ್ತು ಹನ್ನೆರಡು ವರ್ಷ ಹಾಗೇ ದುಡಿದು, ಕೊನೆಗೆ ಒಂದು ಹಳೇ ವ್ಯಾನ್ ತಗೊಳ್ಳುವ ದಿನ ಬರುತ್ತದೆ. ಹೊಸದಕ್ಕೆ ಕೈ ಎಟುಕುವುದಿಲ್ಲ. ಬ್ಯಾಂಕಿನವರು ಕೇಳುವ ಕಾಗದ ನಮ್ಮ ಹತ್ತಿರ ಇರುವುದಿಲ್ಲ. ಹತ್ತು ವರ್ಷದ ಉಳಿತಾಯ ಒಂದೇ ಮಧ್ಯಾಹ್ನದಲ್ಲಿ ಇನ್ನೊಬ್ಬರ ಕೈ ಸೇರುತ್ತದೆ, ಅಂಥ ವ್ಯವಹಾರದಲ್ಲಿ ನಮ್ಮವರು ನೋಡುವುದು ಮಾತ್ರ ಪೇಂಟು, ಸ್ಟೀರಿಯೊ, ಕಿಲೋಮೀಟರ್ ಮೀಟರ್. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಹಾಕಿ.

ಮೊದಲು ಗಾಡಿ ನೋಡಲು ಹೋಗಬೇಡಿ, ಮೊದಲು ನಿಮ್ಮ ಕೆಲಸ ನೋಡಿಕೊಳ್ಳಿ. ಒಂದು ಭಾನುವಾರ ನನ್ನ ಸಾಮಾನನ್ನೆಲ್ಲ ಪಕ್ಕದ ಗುಜರಿ ಅಂಗಡಿಯ ತೂಕದ ಮೆಷಿನ್ ಮೇಲೆ ಇಟ್ಟು ತೂಗಿಸಿದ್ದೆ. ಪೈಪ್ ವ್ರೆಂಚ್‌ಗಳು, ಜಿಐ ಪೈಪಿಗೆ ಥ್ರೆಡ್ ಹಾಕುವ ಡೈ ಸೆಟ್, ಕೋರ್ ಕಟಿಂಗ್ ಮೆಷಿನ್, ಡ್ರಿಲ್, ಏಣಿ, ಎರಡು ಕ್ರೇಟ್ ತುಂಬ ಎಲ್ಬೋ, ಟೀ, ಕಪ್ಲರ್, ಬಾಲ್ ವಾಲ್ವ್, ಒಂದು ಸ್ಪೇರ್ ಮೋಟರ್. ಎಲ್ಲಾ ಸೇರಿ 210 ಕೆಜಿ ಬಂತು. ನಾನು ಅಂದಾಜು ಮಾಡಿದ್ದು ನೂರು. ಅದರ ಮೇಲೆ ನಾನು, ಇಬ್ಬರು ಹುಡುಗರು. ತೂಗಿಸಿದ ಮೇಲೇ ನನಗೆ ಗೊತ್ತಾಗಿದ್ದು, ಹಿಂದೆ ಭಾರ ಹೊರುವ ಸ್ಪ್ರಿಂಗಿನ ಲೀಫ್ ಪ್ಲೇಟ್ ಪದೇ ಪದೇ ಯಾಕೆ ಮುರಿಯುತ್ತಿತ್ತು ಅಂತ.

ಪೈಪಿನ ಉದ್ದ ಇನ್ನೊಂದು ಲೆಕ್ಕ. ಸಿಪಿವಿಸಿ ಪೈಪ್ 10 ಅಡಿಯದ್ದು ಸಿಗುತ್ತದೆ. ಓಮ್ನಿಯ ಒಟ್ಟು ಉದ್ದವೇ 11 ಅಡಿ ಚಿಲ್ಲರೆ. ಹಾಗಾಗಿ ಮೇಲೆ ಕ್ಯಾರಿಯರ್ ಹಾಕಿಸಿದರೆ 10 ಅಡಿ ಪೈಪ್ ಹಿಂದೆ ಮುಂದೆ ಚಾಚದೆ ಕೂರುತ್ತದೆ. ಟಾಟಾ ಏಸ್‌ನ ತೊಟ್ಟಿ ಸುಮಾರು 7 ಅಡಿ, ಅದೇ ಪೈಪ್ ಅಲ್ಲಿ 3 ಅಡಿ ಹೊರಗೆ ಬರುತ್ತದೆ, ಕೆಂಪು ಬಟ್ಟೆ ಕಟ್ಟಿಕೊಂಡು ಓಡಿಸಬೇಕು. 20 ಅಡಿ ಪಿವಿಸಿ ಪೈಪಿಗೆ ಯಾವುದೂ ಆಗುವುದಿಲ್ಲ, ಅದನ್ನು ಅಂಗಡಿಯವರ ಗಾಡಿಯಲ್ಲೇ ಸೈಟಿಗೆ ಹಾಕಿಸಿಕೊಳ್ಳಿ. ವರ್ಷಕ್ಕೆ ನಾಲ್ಕು ಸಲ ಬರುವ ಕೆಲಸಕ್ಕೆ ದೊಡ್ಡ ಗಾಡಿ ತಗೊಂಡು ದಿನಾ ಅದಕ್ಕೆ ಡೀಸೆಲ್ ಕುಡಿಸಬೇಡಿ.

ಈಗ ಯಾವ ಗಾಡಿ ಅನ್ನುವುದು. ನಮ್ಮ ಕೆಲಸದವರು ಕೊಳ್ಳುವುದು ಹೆಚ್ಚುಕಮ್ಮಿ ಮೂರೇ. ಓಮ್ನಿ, ಈಕೋ, ಏಸ್.

ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಿದ್ದು, 2019ರಲ್ಲಿ ನಿಂತುಹೋಯಿತು. 796 ಸಿಸಿ, ಮೂರು ಸಿಲಿಂಡರಿನ ಚಿಕ್ಕ ಇಂಜಿನ್, ಮುಂದಿನ ಸೀಟಿನ ಕೆಳಗೇ ಇರುತ್ತದೆ. ಎರಡೂ ಕಡೆ ಸರಿಯುವ ಬಾಗಿಲು. ಚಿಕ್ಕಪೇಟೆ ಗಲ್ಲಿಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದರೂ ಸಾಮಾನು ಇಳಿಸಬಹುದು, ಇದಕ್ಕೆ ಸಮ ಬೇರೊಂದಿಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಪಾರ್ಟ್ಸ್ ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತದೆ, ಯಾವ ಗಲ್ಲಿ ಮೆಕ್ಯಾನಿಕ್ ಕೂಡ ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಆದರೆ ಒಂದು ಮಾತು ಬಚ್ಚಿಡಬಾರದು. ಮುಂದೆ ಬಾನೆಟ್ ಇಲ್ಲ. ಗುದ್ದಿದರೆ ಮೊದಲು ಸಿಗುವುದು ನಮ್ಮ ಕಾಲು. ಹೊಸ ಸುರಕ್ಷತಾ ನಿಯಮಕ್ಕೆ ಹೊಂದಿಸಲು ಆಗದೇ ಕಂಪನಿ ಅದನ್ನು ನಿಲ್ಲಿಸಿದ್ದು. ಊರೊಳಗೆ ನಿಧಾನಕ್ಕೆ ಓಡಾಡುವವರಿಗೆ ಸರಿ. ದಿನಾ ನೆಲಮಂಗಲ, ಹೊಸೂರು, ದೇವನಹಳ್ಳಿ ಹೈವೇ ಹಿಡಿಯುವವರಿಗೆ ನಾನು ಓಮ್ನಿ ಹೇಳುವುದಿಲ್ಲ.

ಅಂಥವರಿಗೆ ಈಕೋ. 2010ರಲ್ಲಿ ಬಂತು, 1200 ಸಿಸಿ ಪೆಟ್ರೋಲ್, ಮುಂದೆ ಸ್ವಲ್ಪವಾದರೂ ಮೂತಿ ಇದೆ, ತೂಕ ಹಾಕಿದರೂ ಫ್ಲೈಓವರ್ ಏರುವಾಗ ಅಳುವುದಿಲ್ಲ. ಬೆಲೆ ಜಾಸ್ತಿ. 2011, 2012ರ ಗಾಡಿಗೂ ಬಾಯಿಗೆ ಬಂದ ರೇಟ್ ಕೇಳುತ್ತಾರೆ.

ಟಾಟಾ ಏಸ್, ನಮ್ಮೆಲ್ಲರ ಚೋಟಾ ಹಾಥಿ, 2005ರಿಂದ ಇದೆ. ಮುಕ್ಕಾಲು ಟನ್ ಹೊರುತ್ತದೆ. ಟೈಲ್ಸ್, ಗ್ರಾನೈಟ್, ಪ್ಲೈವುಡ್ ಸಾಗಿಸುವವರಿಗೆ ಅದೇ ಸರಿ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗೆ ಬೇಡ ಅನ್ನುತ್ತೇನೆ, ಯಾಕೆಂದರೆ ತೊಟ್ಟಿ ತೆರೆದಿದೆ. ನಮ್ಮದು ಬೆಲೆಬಾಳುವ ಚಿಕ್ಕ ಚಿಕ್ಕ ಸಾಮಾನು. ನೀವು ಮೂರನೇ ಮಹಡಿಯಲ್ಲಿ ಗೀಸರ್ ಕೂರಿಸುವಷ್ಟರಲ್ಲಿ ಕೆಳಗೆ ಡ್ರಿಲ್ ಮೆಷಿನ್ ಮಾಯ. ಮಳೆ ಬಂದರೆ ಟಾರ್ಪಾಲ್ ಎಳೆಯುವ ಪಾಡು. ಇನ್ನೊಂದು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿಯವರು ಏಸ್ ಕಂಡ ಕೂಡಲೇ ಹೊರಗೆ ನಿಲ್ಲಿಸು ಅನ್ನುತ್ತಾರೆ, ಓಮ್ನಿ ಆದರೆ ಬೇಸ್‌ಮೆಂಟಿಗೆ ಬಿಡುತ್ತಾರೆ. ಮೋಟರ್, ಸಂಪು ಎಲ್ಲಾ ಇರುವುದೇ ಬೇಸ್‌ಮೆಂಟಲ್ಲಿ ಅಲ್ವಾ. ಇಡೀ ಟೂಲ್ಸ್ ಹೊತ್ತು ರ‍್ಯಾಂಪ್ ಇಳಿಯುವುದು ಎಷ್ಟು ಕಷ್ಟ ಅಂತ ಇಳಿದವರಿಗೆ ಗೊತ್ತು.

ನನ್ನ ಮೊದಲ ಗಾಡಿಯ ಕಥೆ ಹೇಳುತ್ತೇನೆ. 2013ರಲ್ಲಿ, ಆಯುಧ ಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಅನ್ನುವ ಆತುರ. ಹಳೇ ಗಾಡಿ ಮಾರುವ ಒಂದು ಯಾರ್ಡಿನಲ್ಲಿ 2003ರ ಓಮ್ನಿ, 95 ಸಾವಿರಕ್ಕೆ ಮಾತಾಡಿದೆ. ಒಳಗೆ ಹೊಸ ರೆಕ್ಸಿನ್ ಮ್ಯಾಟ್, ಘಮ ಘಮ ಸೆಂಟು. ಕುಂಬಳಕಾಯಿ ಒಡೆದು ಪೂಜೆ ಮಾಡಿದೆವು. ಎಂಟು ದಿನ ಆದ ಮೇಲೆ ಮಾಗಡಿ ರೋಡಲ್ಲಿ ಒಂದು ಹಂಪ್ ಮೇಲೆ ದಡಕ್ಕನೆ ಇಳಿಯಿತು ನೋಡಿ, ಹಿಂದೆ ಇಟ್ಟಿದ್ದ ಮೋಟರ್ ಇದ್ದ ಜಾಗದಲ್ಲಿ ನೆಲ ಕುಸಿದಿತ್ತು. ಮ್ಯಾಟ್ ಕಿತ್ತೆ. ಕೆಳಗೆ ತಗಡೇ ಇರಲಿಲ್ಲ. ತುಕ್ಕು ತಿಂದು ಹಪ್ಪಳ ಆಗಿದ್ದ ಜಾಗಕ್ಕೆ ಫೈಬರ್ ಬಟ್ಟೆ ಅಂಟಿಸಿ, ಮೇಲೆ ಪುಟ್ಟಿ ಬಳಿದು, ಕಪ್ಪು ಅಂಡರ್‌ಕೋಟಿಂಗ್ ಹೊಡೆದು ಮುಚ್ಚಿದ್ದರು. ನನ್ನ ಕೈಬೆರಳು ಒತ್ತಿದರೆ ಒಳಗೆ ಹೋಯಿತು, ಕೆಳಗೆ ರಸ್ತೆ ಕಂಡಿತು. ಮೋಟರ್ ಪಕ್ಕದಲ್ಲಿ ಹೆಲ್ಪರ್ ಹುಡುಗ ಕೂತಿದ್ದ. ಅವನಿಗೆ ಆಗ 19 ವಯಸ್ಸು. ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದೆ.

ಯಾರ್ಡಿನವರ ಹತ್ತಿರ ಹೋದರೆ "ನೋಡಿ ತಾನೇ ತಗೊಂಡಿದ್ದು" ಅಂದರು. ಟಿಂಕರಿಂಗ್ ಮಾಡಿಸಲು 28 ಸಾವಿರ ಆಯಿತು. ಹೆಂಡತಿಯ ಬಳೆ ಅಡವಿಟ್ಟು ಕೊಟ್ಟೆ. ಅವತ್ತಿನಿಂದ ಯಾರ ಜೊತೆ ಗಾಡಿ ನೋಡಲು ಹೋದರೂ ನನ್ನ ಜೇಬಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಚಿಕ್ಕ ಮ್ಯಾಗ್ನೆಟ್ ಇರುತ್ತದೆ.

ಸ್ಕ್ರೂಡ್ರೈವರ್ ಹಿಡಿಯ ಕಡೆಯಿಂದ ನೆಲ ತಟ್ಟಬೇಕು. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ಹಿಡಿದದ್ದು ಬಡ್ ಅನ್ನುತ್ತದೆ, ಕೆಳಗೆ ಪುಡಿ ಉದುರುತ್ತದೆ. ಮ್ಯಾಗ್ನೆಟ್ ಬಾಡಿ ಮೇಲೆ ಜಾರಿಸುತ್ತಾ ಹೋದರೆ ಪುಟ್ಟಿ ಬಳಿದ ಜಾಗದಲ್ಲಿ ಹಿಡಿಯುವುದಿಲ್ಲ. ಸರಿಯುವ ಬಾಗಿಲಿನ ಕೆಳಗಿನ ಟ್ರ್ಯಾಕ್, ಹಿಂದಿನ ಚಕ್ರದ ಮೇಲಿನ ಗುಬುಟು, ಲೀಫ್ ಪ್ಲೇಟ್ ಬಾಡಿಗೆ ಸೇರುವ ಕಡೆ, ಸ್ಟೆಪ್ನಿ ಜಾಗ, ಬ್ಯಾಟರಿ ಕೂರುವ ತಟ್ಟೆ. ಇಷ್ಟು ಜಾಗದಲ್ಲಿ ತುಕ್ಕು ಮೊದಲು ಬರುತ್ತದೆ. ಮಾರುವವರು ಮ್ಯಾಟ್ ಎತ್ತಲು ಬಿಡುವುದಿಲ್ಲ ಅಂದರೆ ಅಲ್ಲಿಗೆ ಮಾತು ಮುಗಿಸಿ ಬನ್ನಿ. ಇಂಜಿನ್ ಕೆಟ್ಟರೆ ಇಂಜಿನ್ ಮಾಡಿಸಬಹುದು, ಬಾಡಿ ತುಕ್ಕು ಹಿಡಿದರೆ ಎಷ್ಟು ಸುರಿದರೂ ತಳ ಸೇರುವುದಿಲ್ಲ.

ನೀರು ಕುಡಿದ ಗಾಡಿ ಬಗ್ಗೆಯೂ ಹೇಳಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಎಷ್ಟು ಗಾಡಿ ಮುಳುಗಿದವು ಅಂತ ನಾವೆಲ್ಲ ನೋಡಿದ್ದೇವೆ. ಚೆನ್ನೈನಲ್ಲಿ 2015ರಲ್ಲಿ, 2023ರಲ್ಲಿ ಅದೇ ಆಯಿತು. ಮುಳುಗಿದ ಗಾಡಿಗಳೆಲ್ಲ ಗುಜರಿಗೇ ಹೋಗಿರುತ್ತವೆ ಅಂದುಕೊಳ್ಳಬೇಡಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ, ತುದಿಯಲ್ಲಿ ಕೆಸರಿನ ಗೆರೆ ಇರುತ್ತದೆ. ಬೆಲ್ಟ್ ತೊಳೆಯಬೇಕು ಅಂತ ಯಾರಿಗೂ ನೆನಪಿರುವುದಿಲ್ಲ. ಸೀಟ್ ಜಾರುವ ರೈಲಿನ ಬೋಲ್ಟ್ ತುಕ್ಕು ಹಿಡಿದಿದ್ದರೆ ಕೂಡ ಅನುಮಾನ ಪಡಿ.

ಇಂಜಿನ್ ನೋಡುವುದಕ್ಕೆ ಬೆಳಿಗ್ಗೆ ಹೋಗಿ, ಹೇಳದೆ ಅರ್ಧ ಗಂಟೆ ಮುಂಚೆಯೇ ಹೋಗಿ. ಓಮ್ನಿಯಲ್ಲಿ ಸೀಟ್ ಎತ್ತಿ ಇಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮುಂಚೆ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ಬಿಸಿ ಇಂಜಿನ್ ಎಲ್ಲಾ ಗಾಡಿಯದ್ದೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಬರುತ್ತದೆ, ತಣ್ಣಗಿದ್ದಾಗ ಬರುತ್ತಾ ನೋಡಬೇಕು. ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡಿ, ಮಜ್ಜಿಗೆ ತರ ಬಿಳಿ ನೊರೆ ಅಂಟಿದ್ದರೆ ಆಯಿಲ್ ಜೊತೆ ನೀರು ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಹತ್ತಿರ ಒಬ್ಬರು ನಿಲ್ಲಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದರೆ ನೀರು ಒಳಗೆ ಹೋಗುತ್ತಿದೆ. ಆಮೇಲೆ ಹತ್ತು ನಿಮಿಷ ಓಡಿಸಿ, ಖಾಲಿ ಗಾಡಿ ಅಲ್ಲ, ಮೂರು ಜನ ಕೂತು, ಒಂದು ದಿಬ್ಬ ಹತ್ತಿಸಿ, ದಿಬ್ಬದ ಮಧ್ಯೆ ನಿಲ್ಲಿಸಿ ಮತ್ತೆ ಎಬ್ಬಿಸಿ. ಕ್ಲಚ್ ಸವೆದಿದ್ದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ರಿವರ್ಸ್‌ನಲ್ಲೂ ಹತ್ತಿಸಿ ನೋಡಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರದಲ್ಲಿ ತಯಾರಾಗಿದ್ದು. ಗೆರೆ ಎಷ್ಟು ಚೆನ್ನಾಗಿದ್ದರೂ ಅಂಥ ಟೈರ್ ಬದಲಾಯಿಸಲೇಬೇಕು, ಆ ದುಡ್ಡು ರೇಟಿನಲ್ಲಿ ಕಡಿಮೆ ಮಾಡಿಸಿ. ಪೆಟ್ರೋಲ್ ಪೈಪುಗಳನ್ನೂ ಬಗ್ಗಿಸಿ ನೋಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತದೆ, ಹಳೇ ಗಾಡಿಯ ರಬ್ಬರ್ ಅದಕ್ಕೆ ಮಾಡಿದ್ದಲ್ಲ, ಬೇಗ ಬಿರುಕು ಬಿಡಬಹುದು. ಸೀಟಿನ ಕೆಳಗೆ ಇಂಜಿನ್ ಇರುವ ಗಾಡಿಯಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಎಲ್ಲಾ ಪೈಪ್ ಹೊಸದು ಹಾಕಿಸಲು ಜಾಸ್ತಿ ಖರ್ಚಿಲ್ಲ, ಗಾಡಿ ಮನೆಗೆ ಬಂದ ಮೊದಲ ವಾರವೇ ಮಾಡಿಸಿ. ಗ್ಯಾಸ್ ಕಿಟ್ ಇರುವ ಗಾಡಿ ಆದರೆ ಆ ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು. ಮನೆ ಅಡುಗೆ ಸಿಲಿಂಡರ್‌ನಲ್ಲಿ ಓಡುತ್ತಿದ್ದ ಗಾಡಿ ಅಂತ ಗೊತ್ತಾದರೆ ದಯವಿಟ್ಟು ಮುಟ್ಟಬೇಡಿ.

ಕಾಗದದ ವಿಷಯಕ್ಕೆ ಬರುತ್ತೇನೆ. ನಮ್ಮವರು ಹೆಚ್ಚು ಮೋಸ ಹೋಗುವುದು ಇಲ್ಲೇ.

ಎಲ್ಲರ ಬಾಯಲ್ಲೂ ಒಂದು ಹೆದರಿಕೆ ಇದೆ, 15 ವರ್ಷ ಆದ ಗಾಡಿ ಗುಜರಿಗೆ ಹೋಗಲೇಬೇಕು ಅಂತ. ಇದು ದೆಹಲಿ ಕಡೆಯ ಸುದ್ದಿ ನೋಡಿ ಹುಟ್ಟಿದ ಹೆದರಿಕೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಕೋರ್ಟ್ ನಿರ್ಬಂಧ ಹಾಕಿತ್ತು. ನಮ್ಮಲ್ಲಿ ವೈಟ್ ಬೋರ್ಡ್ ಗಾಡಿಗೆ 15 ವರ್ಷ ಆದರೆ ಆರ್‌ಟಿಒಗೆ ತೋರಿಸಿ, ಪಾಸಾದರೆ 5 ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಆಗುತ್ತದೆ. ಆದರೆ ಅದರ ಫೀಸ್ ಏರಿದೆ. ಮೊದಲು 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000 ಮಾಡಿದರು. ಅದರ ಮೇಲೆ ಗ್ರೀನ್ ಟ್ಯಾಕ್ಸ್. ಹಾಗಾಗಿ 14 ವರ್ಷದ ಗಾಡಿ ಸಸ್ತಾ ಸಿಕ್ಕಿತು ಅಂತ ಕುಣಿಯುವ ಮುಂಚೆ ಮುಂದಿನ ವರ್ಷದ ಈ ಖರ್ಚು ಸೇರಿಸಿ ನೋಡಿ. ಆರ್‌ಸಿ ಅವಧಿ ಮುಗಿದು ಮೂಲೆಯಲ್ಲಿ ನಿಂತ ಗಾಡಿ ಆದರೆ ಮಾರುವವರೇ ರಿನ್ಯೂವಲ್ ಮಾಡಿಸಿ ಕೊಡಲಿ. "ನೀವೇ ಮಾಡಿಸಿಕೊಳ್ಳಿ, ಹತ್ತು ಸಾವಿರ ಬಿಡ್ತೀನಿ" ಅಂದರೆ ಒಪ್ಪಬೇಡಿ.

ದೆಹಲಿ ಗಾಡಿ ಅಂತ ಕಡಿಮೆ ಬೆಲೆಗೆ ತೋರಿಸುತ್ತಾರೆ. ಗಾಡಿ ಚೆನ್ನಾಗಿಯೇ ಇರಬಹುದು, ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಕೆಎ ನಂಬರ್ ಆಗಬೇಕು. ಇದೆಲ್ಲ ಕೂಡಿದರೆ ಸಸ್ತಾ ಅನ್ನಿಸಿದ್ದು ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಯಾವ ಗಾಡಿ ಆದರೂ ಅಡ್ವಾನ್ಸ್ ಕೊಡುವ ಮುಂಚೆ ಬಿ ಎಕ್ಸ್‌ಟ್ರಾಕ್ಟ್ ನೋಡಿ. ಆರ್‌ಟಿಒ ದಾಖಲೆಯ ನಕಲು ಅದು. ಓನರ್ ಯಾರು, ಟ್ಯಾಕ್ಸ್ ಎಲ್ಲಿವರೆಗೆ ಕಟ್ಟಿದೆ, ಲೋನ್ ಇದೆಯಾ ಎಲ್ಲಾ ತಿಳಿಯುತ್ತದೆ. ಲೋನ್ ತೀರಿದ್ದರೂ ಎಷ್ಟೋ ಜನ ಫೈನಾನ್ಸ್ ಕಂಪನಿಯ ಹೆಸರನ್ನು ಆರ್‌ಸಿಯಿಂದ ತೆಗೆಸಿರುವುದಿಲ್ಲ. ಫಾರಂ 35ಕ್ಕೆ ಫೈನಾನ್ಸಿನವರ ಸಹಿ ಇಲ್ಲದೆ ಅದು ಆಗುವುದಿಲ್ಲ, ಹತ್ತು ವರ್ಷದ ಹಿಂದಿನ ಫೈನಾನ್ಸ್ ಆಫೀಸ್ ಹುಡುಕಿಕೊಂಡು ನೀವು ಅಲೆಯಬೇಕಾಗುತ್ತದೆ. ಚಾಸಿ ನಂಬರ್ ಮೇಲೆ ಒಂದು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಟಿಒದವರೂ ಹಾಗೇ ಮಾಡುವುದು. ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಟ್ರಾಫಿಕ್ ಫೈನ್ ಬಾಕಿಯನ್ನೂ ನಂಬರ್ ಹಾಕಿ ನೋಡಿ. 2023ರ ಫೆಬ್ರವರಿಯಲ್ಲಿ ಅರ್ಧಕ್ಕೆ ರಿಯಾಯಿತಿ ಕೊಟ್ಟಾಗ ಕ್ಯೂ ನಿಂತ ಜನ ನೆನಪಿದೆ ಅಲ್ವಾ? ಹಳೇ ಓನರ್ ಮಾಡಿದ ತಪ್ಪಿಗೆ ನಿಮ್ಮನ್ನು ಸಿಗ್ನಲ್‌ನಲ್ಲಿ ನಿಲ್ಲಿಸುತ್ತಾರೆ.

ದುಡ್ಡು ಕೊಟ್ಟು ಕೀ ತಗೊಂಡರೆ ಗಾಡಿ ನಿಮ್ಮದಾಗುವುದಿಲ್ಲ. ಫಾರಂ 29, ಫಾರಂ 30 ಸಹಿ ಮಾಡಿಸಿ, 30 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ 14 ದಿನದೊಳಗೆ ವರ್ಗ ಮಾಡಿಸಲು ತಿಳಿಸಬೇಕು. ಗಾಡಿ ಮಾರುವವರಿಗೂ ಇದು ಅಷ್ಟೇ ಮುಖ್ಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಅಪಘಾತವಾದರೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬ್ರೋಕರ್‌ಗಳು ಸಹಿ ಮಾಡಿಸಿಕೊಂಡ ಖಾಲಿ ಫಾರಂ ಇಟ್ಟುಕೊಂಡು ಮೂರು ಕೈ ದಾಟಿಸುತ್ತಾರೆ, ಹೆಸರು ಮಾತ್ರ ಮೊದಲನೆಯವರದ್ದೇ ಇರುತ್ತದೆ.

ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಗೊಂದಲ ಕೂಡ ಬಹಳ ಇದೆ. ನಮ್ಮ ಟೂಲ್ಸ್ ನಾವು ನಮ್ಮ ವ್ಯಾನಿನಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋಗುವುದು ಬೇರೆ. ಬೇರೆಯವರ ಸಾಮಾನನ್ನು ಬಾಡಿಗೆಗೆ ಹೊಡೆಯುವುದು ಬೇರೆ, ಅದಕ್ಕೆ ಯೆಲ್ಲೋ ಬೋರ್ಡ್ ಬೇಕೇ ಬೇಕು. ವೈಟ್ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವಾಗ ಅಪಘಾತವಾದರೆ ಇನ್ಶೂರೆನ್ಸಿನವರು ಕ್ಲೇಮ್ ತಳ್ಳಿಹಾಕಬಹುದು. ಯೆಲ್ಲೋ ಬೋರ್ಡ್ ಗಾಡಿ ತಗೊಂಡರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಲೆಕ್ಕ ಇರಲಿ, ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 3,000 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಏಸ್ ಅದರೊಳಗೇ ಬರುತ್ತದೆ. ಲೈಸೆನ್ಸ್ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ, ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಬಹುದು, ಬೇರೆ ಬ್ಯಾಡ್ಜ್ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಇದು ಗೊತ್ತಿಲ್ಲದೆ ಇನ್ನೂ ಎಷ್ಟೋ ಹುಡುಗರು ಬ್ಯಾಡ್ಜ್ ಮಾಡಿಸಿಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡುತ್ತಿದ್ದಾರೆ.

ಕೈಯಲ್ಲಿರುವ ದುಡ್ಡೆಲ್ಲ ಗಾಡಿಗೆ ಹಾಕಬೇಡಿ ಅನ್ನುವುದು ನನ್ನ ಗಟ್ಟಿ ಮಾತು. 1 ಲಕ್ಷ 80 ಸಾವಿರ ಇದ್ದರೆ 1 ಲಕ್ಷ 30 ಸಾವಿರದ ಗಾಡಿ ನೋಡಿ. ಉಳಿದದ್ದು ಟೈರ್, ಬ್ಯಾಟರಿ, ಬ್ರೇಕ್, ಕ್ಲಚ್, ಹೆಸರು ವರ್ಗ, ಇನ್ಶೂರೆನ್ಸ್, ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಇಲ್ಲದಿದ್ದರೆ ಅದು, ಎಲ್ಲಕ್ಕೂ ಬೇಕು. ಸೀಟಿನ ಹಿಂದೆ ಒಂದು ಕಬ್ಬಿಣದ ಜಾಲರಿ ವೆಲ್ಡ್ ಮಾಡಿಸುವುದಕ್ಕೂ ಬೇಕು. ಇದನ್ನು ಯಾರೂ ಮಾಡಿಸುವುದಿಲ್ಲ, ದಯವಿಟ್ಟು ಮಾಡಿಸಿ. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಪೈಪು, ವ್ರೆಂಚು ಎಲ್ಲಾ ನಿಮ್ಮ ಕುತ್ತಿಗೆಗೇ ಬರುವುದು. ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಸುಮ್ನೆ ಬಾ ಅಂತ ಕರೆಯಬೇಡಿ, ನಮ್ಮನ್ನೂ ಜನ ಸುಮ್ನೆ ನಲ್ಲಿ ನೋಡಿ ಹೋಗು ಅಂತ ಕರೆದಾಗ ನಮಗೆ ಹೇಗನ್ನಿಸುತ್ತದೆ?

ಸಾರಿಗೆ ಇಲಾಖೆಯವರಿಗೆ, ಪಾಲಿಕೆಯವರಿಗೆ ನಿಮ್ಮ ಪತ್ರಿಕೆ ಮೂಲಕ ಎರಡು ಕೋರಿಕೆ ಇದೆ. ಬಿ ಎಕ್ಸ್‌ಟ್ರಾಕ್ಟ್, ಲೋನ್, ಫೈನ್, ಎಫ್‌ಸಿ ಎಲ್ಲವೂ ಒಂದೇ ಕಡೆ, ಸರಳ ಕನ್ನಡದಲ್ಲಿ, ಫೋನಿನಲ್ಲಿ ನೋಡುವ ಹಾಗೆ ಕೊಡಿ. ನಮ್ಮ ಹುಡುಗರಿಗೆ ಹೈಪೋಥಿಕೇಷನ್ (ಲೋನಿಗೆ ಗಾಡಿ ಅಡವಿರುವುದು) ಅನ್ನುವ ಪದ ಓದಲು ಬಂದರೂ ಅದರ ಅರ್ಥ ಗೊತ್ತಿಲ್ಲ, ಆ ಒಂದು ಪದದಲ್ಲಿ ಅವರ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು, ಬಡಾವಣೆಗಳಲ್ಲಿ ಕೆಲಸದವರ ಗಾಡಿ ಅರ್ಧ ಗಂಟೆ ನಿಲ್ಲಿಸಿ ಸಾಮಾನು ಇಳಿಸಿಕೊಳ್ಳಲು ಗುರುತು ಮಾಡಿದ ಜಾಗ ಕೊಡಿ. ಮನೆಯಲ್ಲಿ ಪೈಪ್ ಒಡೆದು ನೀರು ಹರಿಯುತ್ತಿರುತ್ತದೆ, ಫೋನ್ ಮೇಲೆ ಫೋನ್ ಬರುತ್ತಿರುತ್ತದೆ, ನಾವು ಗಾಡಿ ನಿಲ್ಲಿಸಲು ಜಾಗ ಹುಡುಕಿ ನಾಲ್ಕು ಸುತ್ತು ಹಾಕುತ್ತಿರುತ್ತೇವೆ.

ಆ ಹುಡುಗನ ಜೊತೆ ಬಿಳಿ ಓಮ್ನಿ ನೋಡಲು ಮಾರನೇ ದಿನ ನಾನೇ ಹೋದೆ. ಬೆಳಿಗ್ಗೆ ಏಳಕ್ಕೇ ಹೋದೆವು. ಇಂಜಿನ್ ಆಗಲೇ ಬಿಸಿ ಇತ್ತು. ಮ್ಯಾಟ್ ಎತ್ತುತ್ತೇನೆ ಅಂದಾಗ "ಗಮ್ ಹಾಕಿ ಅಂಟಿಸಿದೆ, ಎತ್ತಿದರೆ ಹರಿಯುತ್ತೆ" ಅಂದರು. ಹರಿದರೆ ನಾನೇ ಹೊಸದು ಹಾಕಿಸಿಕೊಡುತ್ತೇನೆ ಅಂದರೂ ಬಿಡಲಿಲ್ಲ. ಎದುರಿನ ಅಂಗಡಿಯಲ್ಲಿ ಟೀ ಕುಡಿದು ವಾಪಸ್ ಬಂದೆವು. ಹುಡುಗನ ಮುಖ ಬಾಡಿತ್ತು, ನಾನು ಏನೂ ಮಾತಾಡಲಿಲ್ಲ.

ಆಮೇಲೆ ಮೂರು ವಾರ ಹುಡುಕಿದೆವು, ಒಂಬತ್ತು ಗಾಡಿ ನೋಡಿದೆವು. ಕೊನೆಗೆ ರಾಜಾಜಿನಗರದಲ್ಲಿ ಒಬ್ಬರು ವಯಸ್ಸಾದ ಮೇಷ್ಟ್ರ ಮನೆಯಲ್ಲಿ 2014ರ ಓಮ್ನಿ ಸಿಕ್ಕಿತು. ಬಣ್ಣ ಮಾಸಿದೆ, ಬಲಗಡೆ ಒಂದು ಗೀರು, ಸ್ಟೀರಿಯೊ ಇಲ್ಲ. ಮೇಷ್ಟ್ರು ತಾವೇ ಮ್ಯಾಟ್ ತೆಗೆದು ತೋರಿಸಿದರು, ತಗಡಿನ ಮೇಲೆ ಕಂಪನಿ ಬಣ್ಣ ಹಾಗೇ ಇತ್ತು. ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಜೋಡಿಸಿಟ್ಟಿದ್ದರು. 1 ಲಕ್ಷ 35 ಸಾವಿರಕ್ಕೆ ಮಾತಾಯಿತು. ಹೆಸರು ವರ್ಗಕ್ಕೆ ಅರ್ಜಿ ಹಾಕಿದ್ದೇವೆ. ಈ ಭಾನುವಾರ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಒಳಗೆ ಫಿಟಿಂಗ್ಸ್ ಇಡಲು ಪ್ಲೈವುಡ್ ಗೂಡು ಹೊಡೆಯಬೇಕು, ಜಾಲರಿಗೆ ವೆಲ್ಡರ್‌ಗೆ ಹೇಳಿದ್ದೇನೆ.

ಇತಿ,
ಒಬ್ಬ ಪ್ಲಂಬರ್
ಕಾಮಾಕ್ಷಿಪಾಳ್ಯ, ಬೆಂಗಳೂರು